ಜೂಸಿದಾರನ ಹುಟ್ಟೂರು

"ಹೊಟ್ಟೆ ಕೊಯ್ಯೋವಾಗಲೂ ಹಾಡ್ತಾನೆ ಇವನು, ಬೇಕಾದರೆ ನೋಡಿ," ಎಂದು ಗೊಂಬೆಯಮ್ಮ ಕತ್ತರಿಯ ತುದಿಯನ್ನು ಬಟ್ಟೆಗೊಂಬೆಯ ಹೊಲಿಗೆಯೊಳಗೆ ತೂರಿಸಿದಳು.

ಗೊಂಬೆ ಹಾಡಿತು. ಕೆಂಪು ಟೋಪಿ, ಗಲ್ಲ ದಾಟಿದ ಮೀಸೆ, ಕೊರಳಿಗೆ ದುರ್ಬೀನು, ಹೊಟ್ಟೆಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಯಂತ್ರ. ಯಾವ ಮನೆಯ ಮಗುವೋ ಎಳೆದಾಡಿ, ಕಂಕುಳು ಕಿತ್ತು, ರಿಪೇರಿಗೆ ಕಳಿಸಿತ್ತು.

"ಜೂಸಿದಾರ ಜೂಸಿದಾರ,
ಇಲ್ಲಿ ಹೊಕ್ಕು ಅಲ್ಲಿ ಬಾರಾ,
ಹರಿದ ಹೊಟ್ಟೆ ನೋಡಲಾರ,
ಗಂಟು ಬಿದ್ರೆ ಹೋಗಲಾರ."

ಸ್ಟೆನೋ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಕೇಳಿದಳು. ಇಪ್ಪತ್ತಾರು ವರ್ಷ ಕೋರ್ಟಿನಲ್ಲಿ ಶೀಘ್ರಲಿಪಿ ಬರೆದು, ನಿವೃತ್ತಳಾದ ಮೇಲೆ ಸುಮ್ಮನೆ ಕೂರಲಾರದೆ, ಕಾಣೆಯಾದವರನ್ನು ಹುಡುಕಿಕೊಡುವ ಕೆಲಸ ಹಿಡಿದವಳು ಅವಳು. ಆರು ವಾರದಿಂದ ಈ ನಾಲ್ಕು ಸಾಲಿನ ಬೆನ್ನು ಹತ್ತಿದ್ದಳು: ಗೊಂಬೆಯಿಂದ ಹೋದ ವರ್ಷ ಶುರುವಾದ ಕಾರ್ಟೂನಿಗೆ, ಕಾರ್ಟೂನಿನಿಂದ ಒಂದು ದಪ್ಪ ಪುಸ್ತಕಕ್ಕೆ, ಪುಸ್ತಕದಿಂದ ಅದನ್ನು ಬರೆದ ಪ್ರೊಫೆಸರರ ವಿಳಾಸಕ್ಕೆ. ಇವತ್ತು ಮಧ್ಯಾಹ್ನ ಅವರ ಮನೆಗೆ ಹೋಗುವುದಿತ್ತು.

"ಇದೇ ಟೇಬಲ್ಲಿನ ಕೆಳಗೆ ಕೂತ್ಕೊಂಡು ಹೇಳ್ತಿದ್ದಳು ನನ್ನ ಮಗಳು," ಎಂದಳು ಗೊಂಬೆಯಮ್ಮ. ಹೇಳಿದ್ದನ್ನೇ ಹೇಳುತ್ತಿದ್ದೇನೆಂದು ಅವಳಿಗೂ ಗೊತ್ತಿತ್ತು, ಆದರೂ ನಿಲ್ಲಿಸಲಿಲ್ಲ. "ನಾನು ಕಟ್ಟಿದ್ದು ಸೂಜಿದಾರ ಅಂತ. ಗೊಂಬೆ ಹೊಟ್ಟೆ ಹೊಲಿಯೋ ಸೂಜಿ, ದಾರ. ಅವಳಿಗಿನ್ನೂ ನಾಲ್ಕು ವರ್ಷ, ನಾಲಿಗೆ ತಿರುಗ್ತಿರಲಿಲ್ಲ, ಜೂಸಿದಾರ ಅಂತಿದ್ದಳು. ಜೂಸಿ ಅಲ್ಲ ಮಗಾ, ಸೂಜಿ ಅಂತ ದಿನಕ್ಕೆ ಹತ್ತು ಸಲ ತಿದ್ತಿದ್ದೆ. ಯಾಕೆ ತಿದ್ದಿದೆನೋ ಅನ್ನಿಸುತ್ತೆ ಈಗ."

ಪದ್ಯ ಕಟ್ಟಿ ಒಂದು ವಾರವೂ ಆಗಿರಲಿಲ್ಲ, ಮಗು ಮನೆಬಾಗಿಲಿನಿಂದ ಕಾಣೆಯಾಯಿತು. ನಾಲ್ಕನೇ ದಿನ ಕಾಲುವೆಯ ದಡದಲ್ಲಿ ಒಂದು ಪುಟ್ಟ ಚಪ್ಪಲಿ ಸಿಕ್ಕಿತೆಂದು ಪೊಲೀಸರು ಫೈಲು ಮುಚ್ಚಿದರು. ಮೂವತ್ತೆರಡು ವರ್ಷ ಗೊಂಬೆಯಮ್ಮ ಆ ಚಪ್ಪಲಿಯನ್ನೇ ಮಗಳೆಂದುಕೊಂಡು ಬದುಕಿದ್ದಳು. ಆರು ವಾರದ ಹಿಂದೆ ರಿಪೇರಿಗೆ ಬಂದ ಗೊಂಬೆಯೊಂದು ಅವಳ ಮಗಳ ತೊದಲಿನಲ್ಲೇ ಹಾಡಿತ್ತು.

"ನಾಡಿದ್ದು ಆಪರೇಷನ್," ಎಂದಳು ಗೊಂಬೆಯಮ್ಮ. ಮಾತಾಡುತ್ತಲೇ ಅವಳಿಗೆ ಏದುಸಿರು ಹತ್ತಿತು. "ಎದೆಯೊಳಗಿನ ಕವಾಟ ಬದಲಾಯಿಸ್ತಾರಂತೆ. ಮನಸ್ಸು ಗಟ್ಟಿ ಮಾಡ್ಕೊಳ್ಳಿ ಅಂತಾರೆ ಡಾಕ್ಟರು. ಯಾವ ಕಡೆಗೆ ಗಟ್ಟಿ ಮಾಡ್ಕೊಳ್ಳಲಿ ಹೇಳಿ. ಅವಳು ಸತ್ತಿದ್ದರೆ ನಾನು ಅಲ್ಲೇ ಹೋಗಿಬಿಡ್ತೀನಿ. ಬದುಕಿದ್ದರೆ ಎದ್ದು ಬರಬೇಕಲ್ಲ. ಅದೊಂದು ಗೊತ್ತಾಗಬೇಕು ನನಗೆ, ಮಲಗೋದಕ್ಕೆ ಮುಂಚೆ..."

ಮಾತು ಮುಂದೆ ಬರಲಿಲ್ಲ. ಒಳಕೋಣೆಯಿಂದ ತಂಗಿ ಬಂದಳು, ಕೈಯಲ್ಲಿ ನೀರಿನ ಲೋಟ. ಅಕ್ಕನ ಬೆನ್ನಿಗೆ ಎರಡು ಸಲ ತಟ್ಟಿದಳು.

"ಮೊದಲು ಉಸಿರು ತಗೋ, ಆಮೇಲೆ ಮಾತು."

ಅಕ್ಕ ಪಾಠ ಒಪ್ಪಿಸುವ ಮಗುವಿನಂತೆ ಉಸಿರು ತೆಗೆದುಕೊಂಡಳು. ಮಗು ಹೋಗಿ ತಿಂಗಳೊಳಗೆ ಬಂದ ತಂಗಿ ಆಮೇಲೆ ಅಕ್ಕನನ್ನು ಬಿಟ್ಟು ಕದಲಿರಲಿಲ್ಲ. ಮದುವೆಯೂ ಬೇಡವೆಂದು ಈ ಅಂಗಡಿಯಲ್ಲೇ ಗೊಂಬೆಗಳಿಗೆ ಕಣ್ಣು ಕೂರಿಸುತ್ತ ಉಳಿದುಬಿಟ್ಟಳು. ಅಂಥ ತಂಗಿ ಯಾರಿಗಿದ್ದಾಳೆ ಎಂದು ಬೀದಿಯವರೆಲ್ಲ ಹೇಳುತ್ತಿದ್ದರು.

"ಈ ಪದ್ಯ ನಿಮಗೂ ಗೊತ್ತಿತ್ತಾ?" ಎಂದು ಸ್ಟೆನೋ ಕೇಳಿದಳು.

"ನಾನಾಗ ಟೈಪಿಂಗ್ ಕಲೀತಾ ಹಾಸ್ಟೆಲಿನಲ್ಲಿದ್ದೆ ಮೇಡಂ. ಮಗು ಹೋದ ಮೇಲೇ ಬಂದಿದ್ದು. ಕೇಳೇ ಇರಲಿಲ್ಲ."

ಅಷ್ಟರಲ್ಲಿ ತಂಗಿಯ ಫೋನು ಬಡಿದುಕೊಂಡಿತು. ಆ ಫೋನು ಕಿವಿಗಿಟ್ಟರೆ ಕೇಳುವ ಕಾಲ ಹೋಗಿ ಎಷ್ಟೋ ದಿನವಾಗಿತ್ತು. ಯಾರು ಮಾತಾಡಿದರೂ ಸ್ಪೀಕರಿನಲ್ಲೇ. ಸೊಂಡಿಲು ಕಿತ್ತುಹೋದ ಆನೆಮರಿ ಸಿದ್ಧವಾಯಿತೇ ಎಂದು ಗಿರಾಕಿಯೊಬ್ಬ ಕೇಳಿದ್ದು ಅರ್ಧ ಬೀದಿಗೆ ಕೇಳಿಸಿತು.

"ಊರಿನ ಗೊಂಬೆಗಳನ್ನೆಲ್ಲ ರಿಪೇರಿ ಮಾಡ್ತೀರಿ, ಇದನ್ನೊಂದು ಮಾಡಿಸಬಾರದಾ?" ಎಂದಳು ಸ್ಟೆನೋ.

"ನಮ್ಮಲ್ಲಿ ಗುಟ್ಟು ಏನಿದೆ ಮೇಡಂ," ಎಂದು ತಂಗಿ ನಕ್ಕಳು.

ಸ್ಟೆನೋ ಎದ್ದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಚೌಕ ಮಾತ್ರ ಸುತ್ತಲಿನ ಬಣ್ಣಕ್ಕಿಂತ ಬೆಳ್ಳಗಿತ್ತು. "ಇಲ್ಲಿ ಟಿ.ವಿ. ಇತ್ತಾ?"

"ಹೋದ ವರ್ಷ ಕೆಟ್ಟುಹೋಯ್ತು, ಕೊಟ್ಟುಬಿಟ್ಟೆ. ಅಕ್ಕನಿಗೆ ಗಲಾಟೆ ಆಗಲ್ಲ," ಎಂದಳು ತಂಗಿ.

ಟೇಬಲ್ಲಿನ ಮೇಲೆ ಜೂಸಿದಾರ ಹೊಟ್ಟೆ ಬಿಚ್ಚಿಕೊಂಡು ಬಿದ್ದಿದ್ದ. ಗೊಂಬೆಯಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಳು. ಮೂರು ಸಲ ತಪ್ಪಿತು, ನಾಲ್ಕನೆಯ ಸಲ ಹೊಕ್ಕಿತು.

* * *

ಪ್ರೊಫೆಸರರ ಮನೆಯಲ್ಲಿ ಮನುಷ್ಯರಿಗಿಂತ ಡ್ರಾಯರುಗಳಿಗೆ ಹೆಚ್ಚು ಜಾಗವಿತ್ತು. ನೆಲದಿಂದ ತಾರಸಿಯವರೆಗೆ ಮರದ ಡ್ರಾಯರು, ಪ್ರತಿಯೊಂದರಲ್ಲೂ ಅಂಗೈಯಗಲದ ಕಾರ್ಡುಗಳು, ಒಂದೊಂದು ಕಾರ್ಡಿಗೂ ಒಂದು ಶಿಶುಪ್ರಾಸ. ಐವತ್ತು ವರ್ಷ ಊರೂರು ತಿರುಗಿ, ಅಜ್ಜಿಯರ ಬಾಯಿಗೆ ಮೈಕು ಹಿಡಿದು ಕೂಡಿಹಾಕಿದ್ದು. ಎಂಬತ್ತಾರರ ಪ್ರೊಫೆಸರು ಶಾಲು ಹೊದ್ದು ನಡುವೆ ಕೂತಿದ್ದರು.

"ಜೂಸಿದಾರನ ವಿಷಯ ಅಂದರೆ ಎಲ್ಲರೂ ಬರ್ತಾರೆ," ಎಂದರು, ಮುಖ ಅರಳಿಸಿ. "ಮೊನ್ನೆ ಬಿಸ್ಕತ್ತಿನ ಜಾಹೀರಾತಿನವರು ಬಂದಿದ್ದರು. ಅದರ ಹಿಂದಿನ ವಾರ ಭೂತದ ಸಿನಿಮಾದವರು. ಖಾಲಿ ಉಯ್ಯಾಲೆ ತೋರಿಸಿ ಇದನ್ನೇ ನಿಧಾನಕ್ಕೆ ಹಾಡಿಸ್ತಾರಂತೆ. ನನಗೇ ಮೈ ಜುಂ ಅಂತು."

"ಪೇಪರಿನಲ್ಲೂ ಓದಿದೆ. ಒಬ್ಬ ಮಂತ್ರಿ ಇನ್ನೊಬ್ಬನನ್ನು ಜೂಸಿದಾರ ಅಂತ ಬೈದಿದ್ದಾನೆ."

"ಅರ್ಥ ಸರಿಯಾಗೇ ಬಳಸಿದ್ದಾನೆ. ಜೂಸಿ ಅಂದರೆ ಜಾಸೂಸಿ, ಗೂಢಚರ್ಯೆ. ದಾರ ಅಂದರೆ ಸುಬೇದಾರ, ಹವಾಲ್ದಾರ ಇದ್ದ ಹಾಗೆ. ಗೂಢಚಾರರ ಮುಖ್ಯಸ್ಥ. ಮುನ್ನೂರು ವರ್ಷದ ಹಿಂದಿನ ಹುದ್ದೆ. ಇಲ್ಲಿ ಹೊಕ್ಕು ಅಲ್ಲಿ ಬಾರಾ ಅಂದರೆ ಸುರಂಗ. ಹರಿದ ಹೊಟ್ಟೆ ಅಂದರೆ ಕಗ್ಗೊಲೆ. ಗಂಟು ಅಂದರೆ ನೇಣು. ಚರಿತ್ರೆ ಬರೆಯೋಕೆ ಹೆದರಿದ ಜನ ಮಕ್ಕಳ ಬಾಯಲ್ಲಿ ಬಚ್ಚಿಟ್ಟರು, ನೋಡಿ."

ಪುಸ್ತಕದಲ್ಲಿ ಇದಕ್ಕೆ ನಲವತ್ತು ಪುಟ ಇತ್ತು. ಹರಿದ ಹೊಟ್ಟೆ ಕಗ್ಗೊಲೆಯದಲ್ಲ, ಕ್ಷಾಮದ್ದು ಎಂದು ಇನ್ನೊಬ್ಬ ವಿದ್ವಾಂಸರು ವಾದಿಸಿ, ಇಬ್ಬರೂ ಹದಿನೈದು ವರ್ಷ ಮಾತು ಬಿಟ್ಟಿದ್ದರು. ಮತ್ತೆ ಮಾತು ಶುರುವಾಗುವ ಮೊದಲೇ ಆ ವಿದ್ವಾಂಸರು ತೀರಿಕೊಂಡರು. ಇಷ್ಟೆಲ್ಲ ಒಂದು ಸೂಜಿಗಾಗಿ ಎಂದು ನೆನೆದು ಸ್ಟೆನೋಗೆ ನಗು ಬರಬೇಕಿತ್ತು. ಬರಲಿಲ್ಲ.

"ಇದನ್ನು ನಿಮಗೆ ಹೇಳಿದ್ದು ಯಾರು?"

"ಪುಸ್ತಕದಲ್ಲೇ ಇದೆಯಲ್ಲ. ಗುಡ್ಡದ ಮೇಲಿನ ಒಂದು ಹಳ್ಳಿಯ ಮುದುಕಿ. ಎಂಬತ್ತನಾಲ್ಕು ವರ್ಷ. ಕಣ್ಣು ಕಾಣ್ತಿರಲಿಲ್ಲ, ಪಾಪ."

"ಕಾರ್ಡು ನೋಡಬಹುದಾ?"

ಪ್ರೊಫೆಸರರ ಮುಖ ಸ್ವಲ್ಪ ಸಪ್ಪಗಾಯಿತು. ಆದರೆ ಕಾರ್ಡು ಕೇಳಿದವರಿಗೆ ತೋರಿಸುವುದಿಲ್ಲ ಎಂದು ಅವರು ಜನ್ಮದಲ್ಲಿ ಹೇಳಿದವರಲ್ಲ. ಡ್ರಾಯರಿನ ನಂಬರು ಹೇಳಿದರು. ಸ್ಟೆನೋ ತಾನೇ ಎಳೆದು ತೆಗೆದಳು.

ಕಾರ್ಡು ಹಳದಿಯಾಗಿತ್ತು. ಪದ್ಯ, ತಾರೀಖು, ಸ್ಥಳ, ಹೇಳಿದವರು, ವಯಸ್ಸು. ಹೇಳಿದವರ ಹೆಸರಿನ ಜಾಗ ಖಾಲಿ. ವಯಸ್ಸಿನ ಜಾಗದಲ್ಲಿ ೮೪. ಅವಳು ಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು.

ನಾಲ್ಕು ಎಂಬ ಅಂಕಿ ಚೌಕದ ನಟ್ಟನಡುವೆ ಆರಾಮಾಗಿ ಕೂತಿತ್ತು. ಎಂಟು ಅದರ ಎಡಕ್ಕೆ, ಗೆರೆಗೆ ಒತ್ತಿಕೊಂಡು, ತಡವಾಗಿ ಬಸ್ಸು ಹತ್ತಿದವರ ಹಾಗೆ ನಿಂತಿತ್ತು. ನಾಲ್ಕು ಕಪ್ಪು ಶಾಯಿ. ಎಂಟು ನೀಲಿ.

"ಪ್ರೊಫೆಸರೇ, ಈ ಎಂಟು ಯಾವಾಗ ಬಂತು?"

ಅವರು ಕಾರ್ಡು ವಾಪಸು ಕೊಡಿ ಎಂಬಂತೆ ಕೈ ಚಾಚಿದರು.

"ಸ್ಥಳ, ಜಂಕ್ಷನ್, ಮಹಿಳೆಯರ ವಿಶ್ರಾಂತಿ ಕೊಠಡಿಯ ಹೊರಗೆ ಅಂತಿದೆ. ಗುಡ್ಡದ ಮೇಲೆ ರೈಲು ಹತ್ತುತ್ತಾ?"

"ನೀವು ಯಾರ ಕಡೆಯವರು?" ಎಂದರು ಪ್ರೊಫೆಸರು. ದನಿ ಇಳಿದಿತ್ತು.

"ಈ ಪದ್ಯ ಕಟ್ಟಿದವರ ಕಡೆಯವಳು. ಮುನ್ನೂರು ವರ್ಷದ ಹಿಂದಿನವರಲ್ಲ, ಇನ್ನೂ ಇದ್ದಾರೆ. ಗೊಂಬೆ ರಿಪೇರಿ ಮಾಡ್ತಾರೆ. ಜೂಸಿದಾರ ಅಂದರೆ ಸೂಜಿ, ದಾರ. ನಾಲ್ಕು ವರ್ಷದ ಮಗುವಿಗೆ ನಾಲಿಗೆ ತಿರುಗಲಿಲ್ಲ, ಅಷ್ಟೆ."

ಪ್ರೊಫೆಸರರ ತುಟಿ ಅಲುಗಿತು. ಸೂಜಿ, ದಾರ ಎಂದು ಒಳಗೊಳಗೇ ಹೇಳಿಕೊಂಡರು. ಇಲ್ಲಿ ಹೊಕ್ಕು ಅಲ್ಲಿ ಬಾರಾ. ಹರಿದ ಹೊಟ್ಟೆ. ಗಂಟು. ನಲವತ್ತು ಪುಟಗಳು ಒಂದೊಂದಾಗಿ ಉದುರುವುದನ್ನು ಸ್ಟೆನೋ ಅವರ ಮುಖದಲ್ಲೇ ನೋಡಿದಳು. ಕನಿಕರವಾಯಿತು, ಆದರೂ ಬಿಡಲಿಲ್ಲ.

"ಎಂಟು ಯಾವಾಗ ಬಂತು?"

"ಲೇಖನ ಕಳಿಸೋವಾಗ," ಎಂದರು ಕೊನೆಗೆ. "ರೈಲ್ವೆ ಸ್ಟೇಷನ್ನಿನಲ್ಲಿ ಒಂದು ಮಗು ಹೇಳಿತು ಅಂದರೆ ಯಾರು ಬೆಲೆ ಕೊಡ್ತಾರೆ? ಶಿಶುಪ್ರಾಸಕ್ಕೆ ಅಪ್ಪ ಅಮ್ಮ ಇರಬಾರದು, ಮೇಡಂ. ಅಜ್ಜಿ ಮಾತ್ರ ಇರಬೇಕು. ಅಷ್ಟು ಚೆಂದದ ಪದ, ಜೂಸಿದಾರ. ಯಾವ ನಿಘಂಟಿನಲ್ಲೂ ಇಲ್ಲ. ಅದು ತೊದಲು ಅಂತ ನನಗೆ ಹೊಳೀಲೇ ಇಲ್ಲ. ಮಕ್ಕಳ ಪದ್ಯ ಕೂಡಿಹಾಕೋದರಲ್ಲೇ ಜೀವ ತೇಯ್ದೆ. ಮನೆಯಲ್ಲಿ ಒಂದು ಮಗು ಇರಲಿಲ್ಲ ನೋಡಿ, ಎದುರಿಗೆ ತೊದಲೋಕೆ."

ಅದು ನಿಜವಾದ ಮಾತು, ದುಃಖದ ಮಾತು.  ಸ್ಟೆನೋ ಕಾರ್ಡನ್ನು ಅವರ ತೊಡೆಯ ಮೇಲಿಟ್ಟು ತಾರೀಖಿನ ಮೇಲೆ ಬೆರಳಿಟ್ಟಳು.

"ಈ ತಾರೀಖು ತಿದ್ದಿಲ್ಲ ತಾನೇ?"

"ತಾರೀಖು ತಿದ್ದೋ ಜಾತಿಯವನಲ್ಲ ನಾನು."

"ಈ ಮಗು ಕಾಲುವೆಯಲ್ಲಿ ಮುಳುಗಿ ಸತ್ತಿದೆ ಅಂತ ಪೊಲೀಸರು ಬರೆದ ಮೇಲೆ ಏಳು ದಿನ ಕಳೆದು ನಿಮ್ಮ ಮೈಕಿಗೆ ಹಾಡಿದೆ."

 ಪ್ರೊಫೆಸರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ನಿಮಗೆ ಗೊತ್ತಿತ್ತು," ಎಂದಳು ಸ್ಟೆನೋ. ಅದು ಪ್ರಶ್ನೆಯಾಗಿರಲಿಲ್ಲ.

"ಆಗ ಗೊತ್ತಿರಲಿಲ್ಲ. ಮೂರು ತಿಂಗಳಾದ ಮೇಲೆ ಅದೇ ಜಂಕ್ಷನ್ನಿನಲ್ಲಿ ಇಳಿದೆ. ಗೋಡೆ ಮೇಲೆ ಒಂದು ಹಳೇ ಕಾಗದ, ಅರ್ಧ ಹರಿದಿತ್ತು. ಕಾಣೆಯಾಗಿದ್ದಾಳೆ ಅಂತ. ಫೋಟೋ ನೋಡಿದೆ. ಹಣೆಯ ಮೇಲಿನ ಕೂದಲು, ಅದೇ. ಅಷ್ಟೊತ್ತಿಗೆ ಲೇಖನ ಅಚ್ಚಾಗಿತ್ತು. ಮುದುಕಿಗೆ ಕಣ್ಣು ಕಾಣಲ್ಲ ಅಂತಲೂ ಬರೆದಿದ್ದೆ. ಪೊಲೀಸರ ಹತ್ತಿರ ಹೋದರೆ ಆ ಮುದುಕಿ ಇಲ್ಲ ಅಂತ ಒಪ್ಪಿಕೋಬೇಕಿತ್ತು." ಅವರು ಕಣ್ಣೆತ್ತಿದರು. "ಇಲ್ಲದ ಮುದುಕಿಯನ್ನ ಉಳಿಸಿಕೊಂಡೆ. ಇದ್ದ ಮಗುವನ್ನ ಬಿಟ್ಟುಬಿಟ್ಟೆ."

ಸ್ಟೆನೋಗೆ ಸಿಟ್ಟು ನೆತ್ತಿಗೇರಿತು. ಒಂದು ಕಾಗದ ಬರೆದು ಅಂಚೆಗೆ ಹಾಕಿದ್ದರೆ ಸಾಕಿತ್ತು. ಮೂವತ್ತೆರಡು ವರ್ಷ ಒಬ್ಬ ತಾಯಿ ಚಪ್ಪಲಿಯನ್ನು ಮಗುವಿನಂತೆ ಸವರುವುದು ತಪ್ಪುತ್ತಿತ್ತು. ಆದರೆ ಬೈದು ಹೋಗುವ ಐಷಾರಾಮಕ್ಕೆ ಅವಳಿಗೆ ಪುರುಸೊತ್ತಿರಲಿಲ್ಲ.

"ಮಗು ಒಂದೇ ಇರಲಿಲ್ಲವಲ್ಲ. ಜೊತೆಗೆ ಯಾರಿದ್ದರು?"

"ಒಬ್ಬಳು ಹೆಂಗಸು. ಹುಡುಗಿ ಅನ್ನಿ. ಮುಖ ನೆನಪಿಲ್ಲ, ನನಗೆ ಆಗಲೂ ಮುಖ ನೆನಪಿರ್ತಿರಲಿಲ್ಲ." ಅವರು ಕೈಯೆತ್ತಿ ಕೆಳಗಿನ ಡ್ರಾಯರನ್ನು ತೋರಿಸಿದರು. "ಟೇಪು ಇದೆ. ಕಾರ್ಡಿನ ಮೇಲೆ ಸುಳ್ಳು ಬರೆದೆ. ಟೇಪು ಅಳಿಸೋಕೆ ಮಾತ್ರ ಕೈ ಬರಲಿಲ್ಲ."

* * *

ಟೇಪು ತಿರುಗಿತು. ಮೊದಲು ಬರೀ ಗುಸುಗುಸು, ದೂರದಲ್ಲಿ ರೈಲಿನ ಶಿಳ್ಳೆ, ಯಾರೋ ಟ್ರಂಕು ಎಳೆಯುವ ಸದ್ದು. ಸ್ಟೆನೋ ಅಭ್ಯಾಸಬಲದಿಂದ ನೋಟ್‌ಬುಕ್ಕು ತೆರೆದು ಪೆನ್ಸಿಲು ಹಿಡಿದಳು. ಜನ ಏನು ಹೇಳಬೇಕಿತ್ತು ಎಂಬುದನ್ನಲ್ಲ, ಏನು ಹೇಳಿದರು ಎಂಬುದನ್ನು ಬರೆಯುವುದೇ ಅವಳ ಕಸುಬು.

ಮೂವತ್ತೆರಡು ವರ್ಷ ಹಿಂದಿನ ಪ್ರೊಫೆಸರರ ದನಿ: "ಎಲ್ಲಿ, ಇನ್ನೊಂದು ಸಲ ಹೇಳು ಪುಟ್ಟಿ."

ಆಮೇಲೆ ಮಗು. ಕಾರ್ಟೂನಿನ ಸಿಹಿ ಗಂಟಲಲ್ಲ, ಗೊಂಬೆಯ ಯಂತ್ರವಲ್ಲ. ಶೀತವಾಗಿ ಮೂಗು ಕಟ್ಟಿದ, ಬಹಳ ಅತ್ತು ಸುಸ್ತಾದ ಮಗುವಿನ ದನಿ.

"ಜೂಸಿದಾರ ಜೂಸಿದಾರ, ಇಲ್ಲಿ ಹೊಕ್ಕು ಅಲ್ಲಿ ಬಾರಾ..."

ನಾಡಿನ ಮಕ್ಕಳೆಲ್ಲ ಕುಣಿಯುತ್ತ ಹಾಡುವ ಪದ್ಯ ಇಲ್ಲಿಂದ ಹೊರಟಿತ್ತು. ಸ್ಟೆನೋ ಬರೆಯುತ್ತಲೇ ಇದ್ದಳು, ಕಣ್ಣು ಮಂಜಾಗಿದ್ದರಿಂದ ಗೆರೆಗಳು ಅಂದಾಜಿನ ಮೇಲೆ ಬಿದ್ದವು.

"ಗಂಟು ಬಿದ್ರೆ..." ಎಂದು ಮಗು ನಿಂತಿತು. ಬಿಕ್ಕಿತು. "ಅಮ್ಮ ಎಲ್ಲಿ? ಅಮ್ಮನ ಹತ್ತಿರ..." ಬಿಕ್ಕಳಿಕೆಯಲ್ಲಿ ಮಾತು ಸಿಕ್ಕಿಕೊಂಡಿತು.

ಮೆತ್ತಗೆ ಎರಡು ಸದ್ದು. ಯಾರೋ ಪುಟ್ಟ ಬೆನ್ನಿಗೆ ತಟ್ಟಿದ್ದು. ಒಬ್ಬ ಹುಡುಗಿಯ ದನಿ, ಮೈಕಿನಿಂದ ದೂರ:

"ಮೊದಲು ಉಸಿರು ತಗೋ, ಆಮೇಲೆ ಮಾತು."

ಪೆನ್ಸಿಲು ನಿಂತಿತು.

ಸ್ಟೆನೋ ಟೇಪು ಹಿಂದಕ್ಕೆ ಸುತ್ತಿ ಮತ್ತೆ ಕೇಳಿದಳು. ಮತ್ತೊಮ್ಮೆ. ದನಿ ಎಳೆಯದು, ಇಪ್ಪತ್ತರದ್ದು. ಮಾತು ಮಾತ್ರ ಇವತ್ತು ಬೆಳಗ್ಗೆ ಕೇಳಿದ್ದೇ, ಅದೇ ಎರಡು ತಟ್ಟು, ಅದೇ ಜಾಗದಲ್ಲಿ ಅದೇ ತಡೆ. ಮಗು ಕಾಣೆಯಾದಾಗ ಹಾಸ್ಟೆಲಿನಲ್ಲಿದ್ದೆ ಎಂದವಳು. ಪದ್ಯ ಕೇಳೇ ಇರಲಿಲ್ಲ ಎಂದವಳು. ಕಾರ್ಟೂನು ಶುರುವಾದ ವರ್ಷವೇ, ಏನನ್ನೂ ಎಸೆಯದ ಆ ರಿಪೇರಿಮನೆಯಿಂದ ಟಿ.ವಿ.ಯನ್ನು ಸಾಗಹಾಕಿದವಳು.

ಅಂಥ ತಂಗಿ ಯಾರಿಗಿದ್ದಾಳೆ.

ಬೆಂಚಿನ ಮೇಲಿಟ್ಟಿದ್ದ ಸ್ಟೆನೋಳ ಫೋನು ನಡುಗಿತು. ತಂಗಿಯ ನಂಬರು.

"ಮೇಡಂ, ನಾನು," ಎಂದಿತು ತಂಗಿಯ ದನಿ, ತಗ್ಗಿ. "ಅಕ್ಕ ಒಳಗೆ ಮಲಗಿದ್ದಾಳೆ. ಬೆಳಗ್ಗೆಯಿಂದ ಒಂದೇ ಸಮ ನಿಮ್ಮನ್ನೇ ಕೇಳ್ತಿದ್ದಳು. ಏನಾದರೂ ಸಿಕ್ತಾ?"

ಏನು ಹೇಳುವುದು? ನಾಡಿದ್ದು ಆಪರೇಷನ್ ಕಾಗದಕ್ಕೆ ಸಹಿ ಹಾಕುವವಳು ಇವಳು. ಎಚ್ಚರ ತಪ್ಪುವವರೆಗೆ ಅಕ್ಕನ ಕೈ ಹಿಡಿದಿರುವವಳೂ ಇವಳೇ.  ಕೋರ್ಟಿನಲ್ಲಿ ಸ್ಟೆನೋ ಒಂದು ಪ್ರಶ್ನೆ ಕೇಳಿದವಳಲ್ಲ. ಹೇಳಿದ್ದನ್ನು ಓದಿ ತೋರಿಸುವುದಷ್ಟೇ ಗೊತ್ತಿತ್ತು. ಫೋನನ್ನು ಟೇಪಿನ ಪಕ್ಕಕ್ಕೆ ಹಿಡಿದು ಗುಂಡಿ ಒತ್ತಿದಳು.

ಮಗು ಹಾಡಿತು. ನಿಂತಿತು. ಅಮ್ಮನನ್ನು ಕೇಳಿತು. ಎರಡು ತಟ್ಟು. ಆ ಮಾತು.

 ಪ್ರೊಫೆಸರು ಕಣ್ಣು ಮುಚ್ಚಿ ಕೂತಿದ್ದರು.

"ಮೇಡಂ," ಎಂದಳು ತಂಗಿ ಬಹಳ ಹೊತ್ತಿನ ಮೇಲೆ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ಭಾರ ಇಳಿಸಿದವರ ಆಯಾಸವಿತ್ತು. "ಆಪರೇಷನ್ ಮುಗೀಲಿ. ಕೈ ಮುಗಿದು ಕೇಳ್ಕೊತೀನಿ. ಆಮೇಲೆ ಅವಳು ಎಲ್ಲಿದ್ದಾಳೆ ಅಂತ ನಾನೇ ಅಕ್ಕನಿಗೆ ಹೇಳ್ತೀನಿ."

ಸ್ಟೆನೋಳ ಕೈ ತನ್ನಷ್ಟಕ್ಕೆ ಬರೆಯಿತು. ಎಲ್ಲಿದ್ದಾಳೆ. ಎಲ್ಲಿದ್ದಳು ಅಲ್ಲ. ಅವಳು ಆ ಪದವನ್ನೇ ನೋಡುತ್ತ ನಿಂತಳು.  ಗೊಂಬೆಯಮ್ಮ ಯಾವ ಕಡೆಗೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂಬುದಕ್ಕೆ ಉತ್ತರ ಸಿಕ್ಕಿತ್ತು.

ಆಗ ನೆನಪಾಯಿತು. ಆನೆಮರಿಯ ಸೊಂಡಿಲು. ಅರ್ಧ ಬೀದಿಗೆ ಕೇಳಿಸುವ ತಂಗಿಯ ಆ ಫೋನು. ಇಪ್ಪತ್ತಾರು ವರ್ಷ ಒಂದು ಅಕ್ಷರ ತಪ್ಪು ಬರೆಯದವಳು ಇವತ್ತು ಎಂಥ ತಪ್ಪು ಮಾಡಿದ್ದಳು.

ಅತ್ತ ಕಡೆ ಏನೋ ಉರುಳಿದ ಸದ್ದಾಯಿತು, ನೀರಿನ ಲೋಟವಿರಬೇಕು. ಬರಿಗಾಲು ನೆಲಕ್ಕೆ ಉಜ್ಜುತ್ತ ಹತ್ತಿರ ಬಂದ ಸದ್ದು. ತಂಗಿ "ಅಕ್ಕಾ" ಎಂದಳು, ಅಷ್ಟೇ ಎಂದಳು.

ಗೊಂಬೆಯಮ್ಮನ ಏದುಸಿರು ಫೋನಿನ ತುಂಬ ತುಂಬಿಕೊಂಡಿತು. ಅವಳು ತಂಗಿಯನ್ನು ಏನೂ ಕೇಳಲಿಲ್ಲ. ಮಗು ಇನ್ನೂ ಟೇಬಲ್ಲಿನ ಕೆಳಗೇ ಇದೆಯೇನೋ ಎಂಬಂತೆ, ಒಂದೊಂದು ಪದಕ್ಕೂ ನಿಂತು ನಿಂತು ಹೇಳಿದಳು.

"ಜೂಸಿ ಅಲ್ಲ ಮಗಾ... ಸೂಜಿ..."

ಮಾತು ಅಲ್ಲಿಗೆ ಕಡಿಯಿತು. ಏನೋ ಭಾರವಾದದ್ದು ನೆಲಕ್ಕೆ ಬಿತ್ತು. ಸ್ಟೆನೋ ಫೋನನ್ನು ಕಿವಿಗೊತ್ತಿಕೊಂಡು ಕಾದಳು. ಈ ಸಲ, ಮೊದಲು ಉಸಿರು ತಗೋ ಎಂದು ಗೊಂಬೆಯಮ್ಮನಿಗೆ ಯಾರೂ ಹೇಳಲಿಲ್ಲ.